ನಮ್ಮ ಕಾಮಿಡಿ ಮನೆಯ ಹಾಲ್ ಬಿಟ್ಟು ಹೊರಗೆ ಬರಲಿ

ಅಮೆರಿಕದ ಎನ್‌ಬಿಸಿ ಚಾನೆಲ್ 2024ರ ಅಕ್ಟೋಬರ್-ನವೆಂಬರ್‌ನಲ್ಲಿ ಎರಡು ಹೊಸ ಕಾಮಿಡಿ ಶುರುಮಾಡಿತು. ಶುಕ್ರವಾರ ರಾತ್ರಿಗೆ 'ಹ್ಯಾಪೀಸ್ ಪ್ಲೇಸ್', ಮಂಗಳವಾರ ರಾತ್ರಿಗೆ 'ಸೇಂಟ್ ಡೆನಿಸ್ ಮೆಡಿಕಲ್'. ಮೊದಲನೆಯದು ಟೆನೆಸಿಯ ನಾಕ್ಸ್‌ವಿಲ್‌ನ ಒಂದು ಬಾರ್‌ನಲ್ಲಿ ನಡೆಯುತ್ತದೆ, ಎರಡನೆಯದು ಆರೆಗಾನ್‌ನ ಒಂದು ಆಸ್ಪತ್ರೆಯಲ್ಲಿ. ನಾನಿರುವುದೂ ಆರೆಗಾನ್‌ನಲ್ಲೇ, ಹಿಲ್ಸ್‌ಬರೋದಲ್ಲಿ. ಹಾಗಾಗಿ ಆ ಆಸ್ಪತ್ರೆಯ ಮೇಲೆ ಸ್ವಲ್ಪ ಹೆಚ್ಚು ಅಕ್ಕರೆಯಿಂದಲೇ ನೋಡಲು ಕೂತೆ. ಮೊದಲ ಕೆಲವು ಕಂತುಗಳು ಮುಗಿಯುವಷ್ಟರಲ್ಲಿ ಮನಸ್ಸು ಪೂರ್ತಿ ಕನ್ನಡ ಟೀವಿಯ ಕಡೆಗೆ ಹೊರಳಿತ್ತು.

'ಹ್ಯಾಪೀಸ್ ಪ್ಲೇಸ್'ನ ನಾಯಕಿ ರೀಬಾ ಮೆಕೆಂಟೈರ್, ಕಂಟ್ರಿ ಸಂಗೀತದಲ್ಲಿ ದೊಡ್ಡ ಹೆಸರು. ಅವರ ಪಾತ್ರದ ಹೆಸರು ಬಾಬಿ. ತೀರಿಕೊಂಡ ಅಪ್ಪನ ಬಾರು ತನ್ನದಾಯಿತು ಅಂದುಕೊಂಡಿದ್ದವಳಿಗೆ, ಅದರಲ್ಲಿ ಅರ್ಧ ಪಾಲು ಇಸಬೆಲಾ ಎಂಬ ಹುಡುಗಿಗೆ ಸೇರಿದೆ ಎಂದು ಗೊತ್ತಾಗುತ್ತದೆ. ಆ ಹುಡುಗಿಯೂ ಬಾಬಿಯ ಅಪ್ಪನ ಮಗಳೇ. ನಮ್ಮಲ್ಲಿ ಇಂಥ ಮಗಳು ಧಾರಾವಾಹಿಯೊಳಗೆ ಕಾಲಿಟ್ಟರೆ ಅದು ಕಣ್ಣೀರಿನ, ಕೋರ್ಟು ಕಚೇರಿಯ ಕಥೆಯಾಗಿ ವರ್ಷಗಟ್ಟಲೆ ಎಳೆಯುತ್ತದೆ. ಇಲ್ಲಿ ಅಕ್ಕ ತಂಗಿ ಮೊದಲ ಕಂತಿನಲ್ಲೇ ಮುನಿಸಿಕೊಂಡು, ಮಾತಾಡಿಕೊಂಡು, ಒಂದೇ ಕೌಂಟರ್‌ನ ಹಿಂದೆ ನಿಲ್ಲಲು ಒಪ್ಪುತ್ತಾರೆ. ಆ ಹಗುರತನ ನನಗೆ ಹಿಡಿಸಿತು. ಆದರೆ ಅಪ್ಪ ಇನ್ನೊಬ್ಬ ಮಗಳನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದ ಎನ್ನುವ ನೋವು ಅರ್ಧ ಗಂಟೆಯಲ್ಲಿ ತಣಿಯುವಂಥದ್ದಲ್ಲ. ಆ ನೋವಿಗೆ ಕೊಡಬೇಕಾದ ಬೆಲೆ ಕೊಡುವುದರಲ್ಲಿ ನನ್ನ ಓಟು ನಮ್ಮವರಿಗೇ.

ಈ ಧಾರಾವಾಹಿಯನ್ನು ಸ್ಟುಡಿಯೋದಲ್ಲಿ ಜನರನ್ನು ಕೂರಿಸಿಕೊಂಡು ಚಿತ್ರೀಕರಿಸುತ್ತಾರೆ. ರೀಬಾ ಒಂದು ಮಾತು ಹೇಳಿ, ನಗು ಏಳುವವರೆಗೆ ನಿಂತು, ಅದು ಇಳಿಯುವ ಹೊತ್ತಿಗೆ ಸರಿಯಾಗಿ ಮುಂದಿನ ಮಾತು ಎತ್ತಿಕೊಳ್ಳುತ್ತಾರೆ. ಮಾಸ್ಟರ್ ಹಿರಣ್ಣಯ್ಯನವರ ನಾಟಕ ನೋಡಿದವರಿಗೆ ಈ ಕಸುಬು ಚೆನ್ನಾಗಿ ಗೊತ್ತು. 'ಲಂಚಾವತಾರ' ಸಾವಿರಾರು ಪ್ರದರ್ಶನ ಕಂಡಿತು, ಮತ್ತು ಅದು ನಗಿಸಿದ್ದು ಸರ್ಕಾರಿ ಕಚೇರಿಯ ಲಂಚಕೋರತನವನ್ನು ಹಿಡಿದು. ರಂಗದ ಮೇಲೆ ಅಷ್ಟು ಧೈರ್ಯವಾಗಿ ಕಚೇರಿಯೊಳಗೆ ನುಗ್ಗಿದ ಕನ್ನಡ ಹಾಸ್ಯ ಟೀವಿಗೆ ಬಂದ ಮೇಲೆ ಯಾಕೆ ಮನೆಯ ಸೋಫಾಕ್ಕೆ ಅಂಟಿಕೊಂಡಿತು ಎಂಬುದು ನನ್ನ ಕೊರಗು.

'ಸೇಂಟ್ ಡೆನಿಸ್' ನೋಡಿದಾಗ ಈ ಕೊರಗು ಇನ್ನೂ ಹೆಚ್ಚಾಯಿತು. ಹಣವೂ ಸಾಲದ, ಸಿಬ್ಬಂದಿಯೂ ಸಾಲದ ಆಸ್ಪತ್ರೆ. ಸಾಕ್ಷ್ಯಚಿತ್ರ ತೆಗೆಯುವವರು ಬಂದಿದ್ದಾರೆ ಎನ್ನುವ ಹಾಗೆ ಕ್ಯಾಮೆರಾ ಓಡಾಡುತ್ತದೆ, ಹಿನ್ನೆಲೆಯಲ್ಲಿ ನಗುವಿಲ್ಲ. ನರ್ಸ್‌ಗಳ ಮೇಲ್ವಿಚಾರಕಿ ಅಲೆಕ್ಸ್‌ಗೆ ಕೆಲಸ ಬಿಟ್ಟು ಮನೆಗೆ ಹೊರಡುವುದೇ ಆಗುವುದಿಲ್ಲ. ಅಲಿಸನ್ ಟೋಲ್‌ಮನ್ ಈ ಪಾತ್ರವನ್ನು ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ, ಹೊರಟವಳು ಮತ್ತೆ ವಾರ್ಡಿನ ಕಡೆ ತಿರುಗುವಾಗ ಆ ಭುಜಗಳಲ್ಲೇ ದಣಿವು ಕಾಣುತ್ತದೆ. ಎಲ್ಲವನ್ನೂ ನೋಡಿ ಬೇಸತ್ತ ಹಿರಿಯ ಡಾಕ್ಟರ್ ರಾನ್ ಆಗಿ ಡೇವಿಡ್ ಆಲನ್ ಗ್ರಿಯರ್ ಇದ್ದಾರೆ. ಔಷಧವನ್ನೇ ನಂಬದ ಧಾರ್ಮಿಕ ಕುಟುಂಬದಿಂದ ಬಂದ ಮ್ಯಾಟ್ ಎಂಬ ಹೊಸ ನರ್ಸ್ ಇದ್ದಾನೆ. ಆಡಳಿತ ನೋಡಿಕೊಳ್ಳುವ ಜಾಯ್ಸ್ ಮಾತ್ರ ಮೊದಲ ಕಂತುಗಳಲ್ಲಿ ನನಗೆ ಅಷ್ಟಾಗಿ ರುಚಿಸಲಿಲ್ಲ. ಕ್ಯಾಮೆರಾ ಮುಂದೆ ಮೆರೆಯುವ ಮೇಲಧಿಕಾರಿಯನ್ನು ಇದೇ ಚಾನೆಲ್‌ನಲ್ಲಿ 'ದಿ ಆಫೀಸ್' ಶುರುವಾದ 2005ರಿಂದ ನೋಡುತ್ತಲೇ ಇದ್ದೇವೆ.

ಈ ಆಸ್ಪತ್ರೆಯಲ್ಲಿ ನನ್ನ ಕಣ್ಣಿಗೆ ಬಿದ್ದ ದೊಡ್ಡ ವ್ಯತ್ಯಾಸ ರೋಗಿಯ ಒಂಟಿತನ. ರೋಗಿ ಹೆಚ್ಚಾಗಿ ಒಬ್ಬರೇ ಬರುತ್ತಾರೆ, ನರ್ಸೇ ಬಂಧು. ಹಾಗಾಗಿ ಹಾಸ್ಯವೆಲ್ಲ ಸಿಬ್ಬಂದಿಯ ನಡುವೆ ಹುಟ್ಟುತ್ತದೆ. ನಮ್ಮ ಯಾವುದೇ ತಾಲ್ಲೂಕು ಆಸ್ಪತ್ರೆಗೆ ಹೋಗಿ: ಒಬ್ಬರು ಮಂಚದ ಮೇಲೆ, ನಾಲ್ವರು ಮಂಚದ ಸುತ್ತ. ಫ್ಲಾಸ್ಕಿನಲ್ಲಿ ಗಂಜಿ, ಕಿಟಕಿಯ ಸರಳಿಗೆ ಒಣಹಾಕಿದ ಟವೆಲ್, ಪಕ್ಕದ ಬೆಡ್‌ನ ಅಜ್ಜಿ ಡಾಕ್ಟರಿಗಿಂತ ಮೊದಲೇ ಹೇಳುವ ಕಷಾಯ, ಚೀಟಿ ಕೌಂಟರ್ ಮುಂದೆ "ಸಾರ್, ಬರೀ ಬಿಪಿ ನೋಡ್ಸೋದು ಅಷ್ಟೆ" ಎಂದು ಸರತಿ ದಾಟಿ ನುಗ್ಗುವವರು. ಇಷ್ಟು ಜೀವಂತವಾದ ಸರಕು ಸೇಂಟ್ ಡೆನಿಸ್ ಬರೆಯುವವರ ಬಳಿ ಇಲ್ಲ. ನಮ್ಮ ಬಳಿ ಇದೆ, ನಾವು ಬಳಸುತ್ತಿಲ್ಲ.

ಈಟೀವಿ ಕನ್ನಡದ 'ಸಿಲ್ಲಿ ಲಲ್ಲಿ'ಯಲ್ಲಿ ಡಾಕ್ಟರ್ ವಿಠಲ್ ರಾವ್ ಇದ್ದರು. ರವಿಶಂಕರ್ ಗೌಡರ ಆ ಪಾತ್ರವನ್ನೂ ಸಮಾಜ ಸೇವಕಿ ಲಲಿತಾಂಬೆಯನ್ನೂ ನೆನೆದು ಇಲ್ಲಿನ ಕನ್ನಡದವರು ಇವತ್ತಿಗೂ ನಗುತ್ತಾರೆ. ಡಾಕ್ಟರೇ ಮುಖ್ಯಪಾತ್ರವಾದರೂ ಅದರ ಜೀವ ಇದ್ದದ್ದು ಮನೆಯಲ್ಲಿ. 'ಪಾಪ ಪಾಂಡು' ಅಂತೂ ಹೆಂಡತಿಯ ಕೈಯಲ್ಲಿ ಗಂಡ ಪಡುವ ಪಾಡು. ಎರಡೂ ನನಗೆ ಇಷ್ಟ. ಆದರೆ ಅವು ಬಂದು ಇಪ್ಪತ್ತು ವರ್ಷವಾಯಿತು, ನೆನಪಿಗೆ ಬರುವ ಹೆಸರುಗಳು ಮಾತ್ರ ಅವೇ.

ಇದಕ್ಕೆ ಬರಹಗಾರರ ಪ್ರತಿಭೆಯ ಕೊರತೆ ಕಾರಣವಲ್ಲ. ಸೇಂಟ್ ಡೆನಿಸ್ ರೂಪಿಸಿದ ಇಬ್ಬರಲ್ಲಿ ಒಬ್ಬರಾದ ಜಸ್ಟಿನ್ ಸ್ಪಿಟ್ಜರ್ ಮೊದಲು 'ದಿ ಆಫೀಸ್'ಗೆ ಬರೆದರು, ಆಮೇಲೆ 2015ರಲ್ಲಿ 'ಸೂಪರ್‌ಸ್ಟೋರ್' ಶುರುಮಾಡಿದರು. ಕಚೇರಿ, ಅಂಗಡಿ, ಈಗ ಆಸ್ಪತ್ರೆ: ಒಂದೇ ಕಸುಬನ್ನು ಹಿಡಿದು ಬೆಳೆಸಿಕೊಳ್ಳಲು ಅವರಿಗೆ ಚಾನೆಲ್ ಜಾಗ ಕೊಟ್ಟಿತು. ಸಿಲ್ಲಿ ಲಲ್ಲಿ ನಿರ್ದೇಶಿಸಿದ ವಿಜಯ ಪ್ರಸಾದ್ ಸಿನಿಮಾಕ್ಕೆ ಹೋದರು, ಅಲ್ಲಿ ಒಳ್ಳೆಯ ಕೆಲಸವನ್ನೂ ಮಾಡಿದರು. ಅವರ ಜಾಗದಲ್ಲಿ ಇನ್ನೊಬ್ಬರನ್ನು ತಯಾರು ಮಾಡುವ ಕೆಲಸ ಟೀವಿಯಲ್ಲಿ ಆಗಲಿಲ್ಲ. ಎನ್‌ಬಿಸಿಯ ಈ ಎರಡು ಧಾರಾವಾಹಿಗಳಿಗೂ ಮೊದಲ ಸೀಸನ್‌ನಲ್ಲಿ ಇದ್ದದ್ದು 18 ಕಂತುಗಳು, ವಾರಕ್ಕೊಂದು. ಪ್ರತಿ ಕಂತನ್ನೂ ಹಲವರು ಕೂತು ತಿದ್ದಲು ಸಮಯ ಸಿಗುತ್ತದೆ. ದಿನಕ್ಕೊಂದು ಕಂತು ಕೊಡಲೇಬೇಕಾದ ನಮ್ಮ ಬರಹಗಾರರು ನಾಳೆಯ ಸಂಭಾಷಣೆಯನ್ನು ಇವತ್ತು ರಾತ್ರಿ ಬರೆಯುವ ಪಾಡಿನಲ್ಲಿದ್ದಾರೆ. ಅಷ್ಟು ಅವಸರದಲ್ಲಿ ಅಳು ಬರೆಯಬಹುದು, ನಗು ಬರೆಯುವುದು ಬಹಳ ಕಷ್ಟ.

ಭಾನುವಾರ ರಾತ್ರಿ ಅರ್ಧ ಗಂಟೆ, ಹದಿಮೂರು ವಾರ. ಒಂದು ತಾಲ್ಲೂಕು ಆಸ್ಪತ್ರೆ, ಇಲ್ಲವೇ ಒಂದು ಕೆಎಸ್‌ಆರ್‌ಟಿಸಿ ಡಿಪೋ. ನಾಲ್ವರು ಬರಹಗಾರರು, ಮತ್ತು ಮೊದಲ ತಿಂಗಳ ಟಿಆರ್‌ಪಿ ನೋಡಿ ಬಾಗಿಲು ಹಾಕದ ಒಂದು ಚಾನೆಲ್. ಬೇರೆ ದೊಡ್ಡ ಬಂಡವಾಳವೇನೂ ಬೇಡ. ಯಾರಾದರೂ ಮಾಡಲಿ, ಇಲ್ಲಿ ಚಂದಾ ಕಟ್ಟಿ ನೋಡಲು ನಾವಿದ್ದೇವೆ.