ಡೇಟಾ ಅಲ್ಲೇ ಇರಬೇಕಂತೆ, ಹಾಗಾದ್ರೆ ಮನೆಯವರೆಲ್ಲ ಹೊರಡಬೇಕಾ?

ನಮ್ಮನೆಯವರು ಒಂಬತ್ತು ವರ್ಷದಿಂದ ಡೇಟಾಬೇಸ್ ಸಪೋರ್ಟ್ ಕೆಲಸದಲ್ಲಿದ್ದಾರೆ. ಕ್ಲೈಂಟ್ ಯುರೋಪಿನವರು. ನಾವಿರುವುದು ಮೈಸೂರಿನಲ್ಲಿ. ಕೋವಿಡ್ ನಂತರ ಮನೆಯಿಂದಲೇ ಕೆಲಸ. ಹೋದ ವಾರ ಆಫೀಸಿನಿಂದ ಹೇಳಿದರು: ಇನ್ನು ಮುಂದೆ ಈ ಸರ್ವರ್‌ಗಳಿಗೆ ಯುರೋಪಿನ ಒಳಗಿನಿಂದಲೇ ಲಾಗಿನ್ ಆಗಬೇಕು. ಪೋಲೆಂಡಿನ ಕ್ರಾಕೋವ್‌ಗೆ ಹೋಗಿ, ಇಲ್ಲದಿದ್ದರೆ ಬೇರೆ ಪ್ರಾಜೆಕ್ಟ್ ನೀವೇ ಹುಡುಕಿಕೊಳ್ಳಿ. ಉತ್ತರಕ್ಕೆ ಹತ್ತು ದಿನ.

ಸರ್ವರ್ ಇರುವುದೇ ಯುರೋಪಿನಲ್ಲಿ. ಇವರು ಒಂದು ಫೈಲನ್ನೂ ಇಲ್ಲಿಗೆ ಇಳಿಸಿಕೊಳ್ಳುವುದಿಲ್ಲ. ಮತ್ತೆ ತೊಂದರೆ ಏನು ಅಂತ ಕೇಳಿದೆ. ಅಲ್ಲಿನ ಜನರ ಮಾಹಿತಿಯನ್ನು ಮೈಸೂರಿನಲ್ಲಿ ಕೂತು ಸ್ಕ್ರೀನ್ ಮೇಲೆ ನೋಡಿದರೂ ಸಾಕಂತೆ, ಡೇಟಾ ಗಡಿ ದಾಟಿದ ಲೆಕ್ಕ. ಜನರ ಖಾಸಗಿ ಮಾಹಿತಿ ಕಾಪಾಡಲು ಯುರೋಪಿನಲ್ಲಿ 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ಜಿಡಿಪಿಆರ್ ಕಾನೂನಿಗೆ ಅಲ್ಲಿನ ಅಧಿಕಾರಿಗಳು ಹೇಳುವ ಅರ್ಥ ಇದು. 2025ರ ಮೇನಲ್ಲಿ ಐರ್ಲೆಂಡ್ ಟಿಕ್‌ಟಾಕ್‌ಗೆ 53 ಕೋಟಿ ಯೂರೋ ದಂಡ ಹಾಕಿತಲ್ಲ, ಅದರ ಬಹುಪಾಲು ಇಂಥದ್ದಕ್ಕೇ. ಚೀನಾದಲ್ಲಿ ಕೂತ ಸಿಬ್ಬಂದಿ ಯುರೋಪಿನವರ ಡೇಟಾ ನೋಡುತ್ತಿದ್ದರು. ಇದನ್ನು ಕಂಡ ಮೇಲೆ ಕ್ಲೈಂಟ್‌ಗಳು ಹೆದರುವುದು ಸಹಜ ಅಲ್ವಾ?

ಕಾನೂನೇ ತಪ್ಪು ಅಂತ ನಾನು ಹೇಳುವುದಿಲ್ಲ. ನನ್ನ ಅಮ್ಮನ ಆಸ್ಪತ್ರೆ ರಿಪೋರ್ಟನ್ನು ಯಾರ್ಯಾರೋ ನೋಡುವುದು ನನಗೂ ಬೇಡ. ನಮ್ಮ ರಿಸರ್ವ್ ಬ್ಯಾಂಕೂ 2018ರಲ್ಲಿ ಪೇಮೆಂಟ್ ಡೇಟಾ ಭಾರತದಲ್ಲೇ ಇರಬೇಕು ಎಂದಿತು. ಆದರೆ ಭಾರತದಿಂದ ಕೆಲಸ ಮಾಡಿಸಲೇಬೇಡಿ ಅಂತ ಜಿಡಿಪಿಆರ್ ಎಲ್ಲೂ ಹೇಳಿಲ್ಲ. ಸರಿಯಾದ ಕರಾರು ಮಾಡಿಕೊಂಡು, ಹೆಸರು ವಿಳಾಸ ಕಾಣದ ಹಾಗೆ ಮಾಡಿ, ಅಪಾಯ ಎಷ್ಟಿದೆ ಅಂತ ಪರಿಶೀಲಿಸಿ ಕೆಲಸ ನಡೆಸಬಹುದು. 2020ರ ಜುಲೈನಲ್ಲಿ ಯುರೋಪಿನ ಕೋರ್ಟ್ ಕೊಟ್ಟ ತೀರ್ಪಿನ ಮೇಲೆ ಈ ಪರಿಶೀಲನೆ ಬಿಗಿಯಾಯಿತು. ಅದಕ್ಕೆ ಖರ್ಚೂ ಜಾಸ್ತಿ, ತಲೆನೋವೂ ಜಾಸ್ತಿ. ಮನುಷ್ಯನನ್ನೇ ಎತ್ತಿ ಅಲ್ಲಿ ಕೂರಿಸುವುದು ಸುಲಭ.

ನಾನು ಅನುದಾನಿತ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಕ್ರಾಕೋವ್‌ನಲ್ಲಿ ಯಾರಿಗೆ ಪಾಠ ಮಾಡಲಿ? ಈ ಕೆಲಸ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಮಗಳು ಮೂರನೇ ಕ್ಲಾಸ್. ನಮ್ಮಲ್ಲಿ ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ, ಅಲ್ಲಿ ಸೆಪ್ಟೆಂಬರ್‌ಗೆ, ಅದೂ ಸರ್ಕಾರಿ ಶಾಲೆಯಾದರೆ ಪಾಠವೆಲ್ಲ ಪೋಲಿಷ್‌ನಲ್ಲಿ. ಅತ್ತೆಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಿ, ನಾಲ್ಕು ಗಂಟೆ ಕೂತು, ಕರೆದುಕೊಂಡು ಬರುವವರು ಇವರೇ. ಎಚ್‌ಆರ್ ಕಳಿಸಿದ ಫಾರ್ಮಿನಲ್ಲಿ ಕುಟುಂಬ ಅಂತ ಒಂದು ಕಾಲಂ ಇದೆ. ಅದರಲ್ಲಿ ಹೆಂಡತಿ, ಮಕ್ಕಳಿಗಷ್ಟೇ ಜಾಗ. ತಾಯಿಯ ಹೆಸರು ಎಲ್ಲಿ ಬರೆಯೋದು ಅಂತ ಇವರು ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು.

ಸರ್ಕಾರದ ಪಾಲೂ ಇದರಲ್ಲಿದೆ. ಜಪಾನ್, ದಕ್ಷಿಣ ಕೊರಿಯಾಗಳ ಕಾನೂನು ಸಾಕಷ್ಟು ಗಟ್ಟಿ ಎಂದು ಯುರೋಪು ಒಪ್ಪಿದೆ, ಡೇಟಾ ಅಲ್ಲಿಗೆ ಸಲೀಸಾಗಿ ಹೋಗುತ್ತದೆ. ನಮಗೆ ಆ ಮಾನ್ಯತೆ ಇಲ್ಲ. ನಮ್ಮ 2023ರ ಡೇಟಾ ರಕ್ಷಣೆ ಕಾನೂನಿನ 17ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಡಬಹುದು. ಆ ಕಾನೂನು ಮುರಿದವರನ್ನು ವಿಚಾರಿಸುವ ಡೇಟಾ ಮಂಡಳಿಯ ಸದಸ್ಯರನ್ನು ನೇಮಿಸುವುದೂ ಕೇಂದ್ರವೇ. ಮಾನ್ಯತೆ ಕೊಡುವಾಗ ಯುರೋಪು ಇಂಥವನ್ನೇ ಕೆದಕಿ ನೋಡುತ್ತದೆ. ಇದನ್ನು ಸರಿಪಡಿಸಿದರೆ ನಮ್ಮಂಥ ಎಷ್ಟೋ ಮನೆಗಳು ಇದ್ದಲ್ಲೇ ಇರಬಹುದು.

ಕಂಪನಿಗಳಿಗೆ ನಾನು ಕೇಳುವುದು ಇಷ್ಟು. ಪ್ರಾಜೆಕ್ಟ್‌ಗೆ ಹಾಕುವಾಗಲೇ ಹೀಗಾಗಬಹುದು ಅಂತ ಹೇಳಿ. ಒಂದು ಶಾಲಾ ವರ್ಷ ಮುಗಿಯುವಷ್ಟು ಸಮಯ ಕೊಡಿ. ಬರಲಾಗದವರಿಗೆ ಬೇರೆ ಕೆಲಸ ಹುಡುಕಿಕೊಡುವುದು ನಿಮ್ಮ ಹೊಣೆ.

ಇದನ್ನು ಅನುಭವಿಸಿದವರು ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಹುಷಾರಿಲ್ಲದ ಅಪ್ಪ ಅಮ್ಮನನ್ನು ಬಿಟ್ಟು ಹೋದವರು, ಹೋಗದೆ ಉಳಿದವರು, ಏನು ಮಾಡಿದಿರಿ? ನಾವು ಸೋಮವಾರದೊಳಗೆ ಉತ್ತರ ಕೊಡಬೇಕು.