ಗೇಟಲ್ಲಿ ಜ್ವರ ನೋಡೋ ಮಹಾನುಭಾವರಿಗೆ

2021ರಲ್ಲಿ, ಕೋವಿಡ್ ಅಂತ ಮುಚ್ಚಿದ್ದ ಶಾಲೆ ಮತ್ತೆ ತೆಗೆದ ಹೊಸದರಲ್ಲಿ ಬರೆದ ಮಾತಿದು. ಶಾಲೆ ಗೇಟಲ್ಲಿ ಹಣೆಗೆ ಹಿಡಿಯೋ ಥರ್ಮಾಮೀಟರ್ ಗನ್ನು ತೋರಿಸಿದ್ದು 99.6 ಫ್ಯಾರನ್‌ಹೀಟ್. ಅದೂ ಎಲ್ಲಿ? ಸ್ಕೂಟರ್ ಇಳಿದು, ಮಂಕಿ ಕ್ಯಾಪು ಆಗಷ್ಟೇ ತೆಗೆದ ಹಣೆ ಮೇಲೆ. ಇದನ್ನ ಜ್ವರ ಅಂತ ಕರೆದು ಎರಡನೇ ಕ್ಲಾಸಿನ ಮಗೂನ ಗೇಟಿಂದ ವಾಪಸ್ ಅಟ್ಟಿದ್ರಲ್ಲ, ನಿಮ್ಮ ಗನ್ನಿಗೆ ಕೈ ಮುಗಿದೆ.

ಹಿಂದಿನ ದಿನ ಸಂಜೆ ಫ್ಲೂ ಇಂಜೆಕ್ಷನ್ ಆಗಿತ್ತು. ಅವರಮ್ಮ ಮುಚ್ಚಿಡಲಿಲ್ಲ, ಕೇಳೋ ಮೊದಲೇ ಹೇಳಿದ್ರು. ಹೇಳಿದ್ದೇ ತಪ್ಪಾಯ್ತು ನೋಡಿ. ಬೆಳಗ್ಗೆ ಒಂದು ಡೋಸ್ ಪ್ಯಾರಾಸಿಟಮಾಲ್ ಕುಡಿಸಿ ಬಾಯಿ ಮುಚ್ಕೊಂಡು ಕಳಿಸಿದ್ರೆ ಹಸಿರು ದೀಪ, ಕೈಗೆ ಸ್ಯಾನಿಟೈಸರ್, ಗುಡ್ ಮಾರ್ನಿಂಗ್. ಹಾಗೆ ಸಿರಪ್ ಕುಡಿಸ್ಕೊಂಡು ಬಂದು ಒಳಗೆ ಕೂತಿರೋ ಮಕ್ಕಳು ಎಷ್ಟು ಜನಾನೋ! ನಿಜ ಹೇಳಿದವರು ಮಾತ್ರ ಹೊರಗೆ.

ಆ ಸೀನು ಕಣ್ಮುಂದಿಂದ ಹೋಗ್ತಾ ಇಲ್ಲ. ವಾಚ್‌ಮನ್ ಗನ್ ಹಿಡಿದ, 99.6 ಅಂತ ಕೆಂಪು ದೀಪ ಬಂತು, "ಸೈಡಿಗೆ ಬಾ ಮರಿ" ಅಂದ. ಫೇಸ್ ಶೀಲ್ಡ್ ಹಾಕ್ಕೊಂಡು ಮಿಸ್ ಬಂದ್ರು. ಒಂದಡಿ ದೂರದಿಂದ ಹಿಡಿದ್ರು, 98.7 ಬಂತು. ಸಮಾಧಾನ ಆಗ್ಲಿಲ್ಲ. ಹಣೆಗೆ ಒತ್ತಿ ಹಿಡಿದ್ರು, 99.8 ಬಂತು. ಸಮಾಧಾನ ಆಯ್ತು! ಅದನ್ನೇ ರಿಜಿಸ್ಟರಲ್ಲಿ ಬರೆದ್ರು. ಆಮೇಲೆ ಪೂರ್ತಿ ಲೈನಿಗೆ ಕೇಳೋ ಹಾಗೆ, "ಜ್ವರ ಇಟ್ಕೊಂಡು ಯಾಕ್ರೀ ಕಳಿಸ್ತೀರಾ? ಬೇರೆ ಮಕ್ಕಳಿಗೆ ಬಂದ್ರೆ ಯಾರ್ರೀ ಜವಾಬ್ದಾರಿ?" ಅವನ ಹಿಂದೆ, ದೂರ ದೂರ ನಿಲ್ಲೋಕೆ ಬಳಿದ ಬಣ್ಣದ ವೃತ್ತದಲ್ಲಿ ನಿಂತಿದ್ದ ಹುಡುಗಿ ಎರಡು ವೃತ್ತ ಹಿಂದಕ್ಕೆ ಹೋದಳು. ಇವನಿಗೆ ಇನ್ನೂ ವಿಷಯ ಗೊತ್ತಾಗಿಲ್ಲ. ಯೂನಿಫಾರ್ಮ್ ತೋಳು ಮೇಲೆ ಸರಿಸಿ, ಆ ದುಂಡಗಿನ ಪ್ಲಾಸ್ಟರ್ ತೋರಿಸಿ, "ಮಿಸ್, ನಾನು ಅಳ್ಲೇ ಇಲ್ಲ" ಅಂದ. ಮೆಚ್ಕೋತಾರೆ ಅಂದ್ಕೊಂಡಿದ್ದ. ಮಿಸ್ ಹಿಂದಕ್ಕೆ ಹೆಜ್ಜೆ ಇಟ್ರು. ಅವರಮ್ಮ ಲಸಿಕೆ ಪುಸ್ತಕ ಚಾಚಿದ್ರು. ಮುಟ್ಟಲೂ ಇಲ್ಲ. "ಫೋಟೋ ತೆಗೆದು ವಾಟ್ಸಾಪ್ ಮಾಡಿ" ಅಂತೆ. ಇವರು ಮನೆ ಮುಟ್ಟೋಷ್ಟರಲ್ಲಿ ಕ್ಲಾಸ್ ಗ್ರೂಪಲ್ಲಿ ಮೆಸೇಜು: ಒಬ್ಬ ವಿದ್ಯಾರ್ಥಿಗೆ ಲಕ್ಷಣ ಕಂಡುಬಂದಿದೆ, ಪೋಷಕರು ಗಾಬರಿಯಾಗಬಾರದು. ಹೆಸರು ಹಾಕಿಲ್ಲ, ದೊಡ್ಡ ಉಪಕಾರ. ಲೈನಲ್ಲಿ ನಿಂತವರಿಗೆಲ್ಲ ಕಣ್ಣಿರಲಿಲ್ವಾ?

ಈಗ ಯಾರಾದ್ರೂ ಉತ್ತರ ಕೊಡಿ. 99.6 ಆಗ್ಲಿ 99.8 ಆಗ್ಲಿ, ಯಾವ ಲೆಕ್ಕದಲ್ಲಿ ಜ್ವರ? ಡಾಕ್ಟರುಗಳ ಲೆಕ್ಕದಲ್ಲಿ 100.4 ಫ್ಯಾರನ್‌ಹೀಟ್, ಅಂದ್ರೆ 38 ಸೆಲ್ಸಿಯಸ್ ಮುಟ್ಟಿದ್ರೆ ಜ್ವರ. ಹಣೆ ಗನ್ನು ನೋಡೋದು ಚರ್ಮದ ಬಿಸಿ, ಮೈ ಒಳಗಿನ ಬಿಸಿ ಅಲ್ಲ. ಟೋಪಿ, ಹೆಲ್ಮೆಟ್ ತೆಗೆದ ತಕ್ಷಣ ಹಿಡಿದ್ರೆ ಜಾಸ್ತಿ ತೋರಿಸುತ್ತೆ, ಬೆವೆತ ಹಣೆಗೆ ಹಿಡಿದ್ರೆ ಕಮ್ಮಿ ತೋರಿಸುತ್ತೆ, ತುಂಬಾ ದೂರದಿಂದ ಹಿಡಿದ್ರೆ ಗಾಳಿ ಬಿಸೀನೂ ಸೇರಿಸಿ ಹೇಳುತ್ತೆ. ಎಷ್ಟು ಸೆಂಟಿಮೀಟರ್ ದೂರ ಹಿಡೀಬೇಕು ಅಂತ ಅದರ ಡಬ್ಬಿಯೊಳಗಿನ ಚೀಟಿಯಲ್ಲೇ ಇರುತ್ತೆ, ಓದೋರಿದ್ರೆ. ಕೆಲವದರಲ್ಲಿ ಮೈಗೆ ಒಂದು ಮೋಡ್, ಹಾಲಿನ ಪಾತ್ರೆ, ಗೋಡೆ ಥರದ ವಸ್ತುಗಳಿಗೆ ಇನ್ನೊಂದು ಮೋಡ್ ಇರುತ್ತೆ. ಯಾವ ಮೋಡಲ್ಲಿ ಇಟ್ಟಿದೀರಿ ಅಂತ ಕೇಳಿದ್ರೆ ಮುಖ ಮುಖ ನೋಡ್ತಾರೆ. ಕೆಂಪು ದೀಪ ಬಂದ ಮಗೂನ ಒಳಗೆ ನೆರಳಲ್ಲಿ ಹದಿನೈದು ನಿಮಿಷ ಕೂರಿಸಿ, ಕಂಕುಳಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬೀಪ್ ಬರೋವರೆಗೂ ಕಾದು ನೋಡಿ. ನೂರಿನ್ನೂರು ರೂಪಾಯಿ ಸಾಮಾನು ಅದು. ಫೀಸ್ ಬಾಕಿ ಅಂತ ಮೆಸೇಜ್ ಹಾಕೋಷ್ಟೂ ಕಷ್ಟ ಇಲ್ಲ.

ಫ್ಲೂ ಇಂಜೆಕ್ಷನ್ನಿಂದಲೇ ಫ್ಲೂ ಬರುತ್ತಂತೆ, ಇನ್ನೊಬ್ಬ ಪೋಷಕರ ವಾದ ಇದು. ಸ್ವಾಮಿ, ಸೂಜಿಯಲ್ಲಿ ಕೊಡೋದು ಸತ್ತ ವೈರಸ್ಸಿನ ಚೂರು. ಅದು ಬೆಳೆಯಲ್ಲ, ಹರಡಲ್ಲ. ಮೂಗಿಗೆ ಸಿಂಪಡಿಸೋ ಲಸಿಕೆ ಬೇರೆ, ಅದರಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತೆ, ಅದು ಹಾಕಿಸಿದ್ರೆ ಮೂಗು ಸೋರಬಹುದು. ಸೂಜಿ ಹಾಕಿಸಿದ ಮಗೂಗೆ ಆಗೋದು ಇಷ್ಟು: ಚುಚ್ಚಿದ ಜಾಗ ನೋವು, ಕೆಂಪು, ಒಂಚೂರು ಊತ, ಕೆಲವರಿಗೆ ಸಣ್ಣ ಜ್ವರ, ತಲೆನೋವು, ಮೈಕೈ ನೋವು, ಹಠ. ಸಾಮಾನ್ಯವಾಗಿ ಅದೇ ರಾತ್ರಿ ಶುರುವಾಗಿ ಒಂದೆರಡು ದಿನದಲ್ಲಿ ಹೋಗುತ್ತೆ. ಕೆಮ್ಮು, ಗಂಟಲು ನೋವು, ವಾಸನೆ ಗೊತ್ತಾಗದೆ ಇರೋದು ಈ ಪಟ್ಟಿಯಲ್ಲಿಲ್ಲ. ಅವು ಇದ್ರೆ ಲಸಿಕೆ ಮೇಲೆ ಹಾಕಬೇಡಿ, ಮನೇಲಿ ಇಟ್ಕೊಂಡು ಕೋವಿಡ್ ಟೆಸ್ಟ್ ಮಾಡಿಸಿ. ಎರಡು ದಿನ ದಾಟಿದ ಜ್ವರಕ್ಕೂ, ಎಲ್ಲಾ ಸರಿ ಹೋಗಿ ಮೂರನೇ ದಿನ ಹೊಸದಾಗಿ ಬಂದ ಜ್ವರಕ್ಕೂ ಅಷ್ಟೇ. ಇಷ್ಟನ್ನ ಎ4 ಹಾಳೆಯಲ್ಲಿ ಬರೆದು ಗೇಟಿಗೆ ಅಂಟಿಸೋಕೆ ಆಗಲ್ವಾ?

ಬದಲಿಗೆ ಕೇಳಿದ್ದೇನು ಗೊತ್ತಾ? ಏಳು ದಿನ ರಜೆ, ಆರ್‌ಟಿ-ಪಿಸಿಆರ್ ಅನ್ನೋ ಕೋವಿಡ್ ಟೆಸ್ಟ್ ನೆಗೆಟಿವ್, ಅದರ ಮೇಲೆ ಡಾಕ್ಟರ್ ಫಿಟ್‌ನೆಸ್ ಸರ್ಟಿಫಿಕೇಟ್. ನೆಗೆಟಿವ್ ಬಂದ ಮೇಲೂ ಏಳು ದಿನ ಯಾಕೆ? ಏಳು ದಿನ ಕಳೆದ ಮೇಲೂ ಸರ್ಟಿಫಿಕೇಟ್ ಯಾಕೆ? ರೂಲ್ ಎಲ್ಲಿ ಬರೆದಿದೆ ಅಂದ್ರೆ "ಮ್ಯಾನೇಜ್‌ಮೆಂಟ್ ಡಿಸಿಷನ್" ಅಂತೆ.

ಇವನ ಕ್ಲಾಸಿನ ಮಕ್ಕಳ ಕಥೆ ಒಂದ್ಸಲ ಲೆಕ್ಕ ಹಾಕಿ. 2020ರ ಮಾರ್ಚಲ್ಲಿ ಯುಕೆಜಿ ಅರ್ಧಕ್ಕೆ ನಿಂತಿತು. ಒಂದನೇ ಕ್ಲಾಸು ಪೂರ್ತಿ ಅಪ್ಪನ ಮೊಬೈಲಲ್ಲಿ. 2021ರ ಅಕ್ಟೋಬರ್ 25ಕ್ಕೆ ಕರ್ನಾಟಕದಲ್ಲಿ 1ರಿಂದ 5ನೇ ಕ್ಲಾಸಿನವರೆಗೆ ಬಾಗಿಲು ತೆಗೆದ್ರು. ಪಕ್ಕದಲ್ಲಿ ಇನ್ನೊಂದು ಮಗು ಕೂರುತ್ತೆ ಅನ್ನೋದೇ ಇವಕ್ಕೆ ಹೊಸದು. ಅದರಲ್ಲಿ ಏಳು ದಿನ ಕಿತ್ಕೊಂಡ್ರಿ. ಆನ್‌ಲೈನ್ ಲಿಂಕ್ ಆದ್ರೂ ಕೊಡಿ ಅಂದ್ರೆ, ಶಾಲೆಗೆ ಬರ್ತೀವಿ ಅಂತ ಒಪ್ಪಿಗೆ ಪತ್ರ ಕೊಟ್ಟವರಿಗೆ ಲಿಂಕ್ ಇಲ್ಲವಂತೆ!

ಇಷ್ಟಕ್ಕೂ ಫ್ಲೂ ಲಸಿಕೆ ಹಾಕಿಸಿ ಅಂತ ಸರ್ಕ್ಯುಲರ್ ಕಳಿಸಿದ್ದು ಇದೇ ಶಾಲೆ. ಆಗಿನ್ನೂ ಮಕ್ಕಳಿಗೆ ಕೋವಿಡ್ ಲಸಿಕೆ ಬಂದಿರಲಿಲ್ಲ, ಇದಾದ್ರೂ ಹಾಕಿಸಿದ್ರೆ ಜ್ವರ ಅಂದಾಗೆಲ್ಲ ಇದು ಅದೋ, ಅದು ಇದೋ ಅನ್ನೋ ಗೊಂದಲ ಕಮ್ಮಿ ಆಗುತ್ತೆ ಅನ್ನೋದು ಅದರ ಸಾರ. ಸರಿಯಾದ ಮಾತೇ. ಸರ್ಕಾರಿ ಆಸ್ಪತ್ರೆಯ ಪುಕ್ಕಟೆ ಪಟ್ಟಿಯಲ್ಲಿ ಇದಿಲ್ಲ, ಸಾವಿರದ ಮೇಲೆ ದುಡ್ಡು ಕೊಟ್ಟು ಹಾಕಿಸಬೇಕು. ಹಾಕಿಸಿದ್ರು. ಹಾಕಿಸಿದ್ದಕ್ಕೆ ಶಿಕ್ಷೆ.

ಹೋಗ್ಲಿ, ಅವರ ಭಯಾನೂ ಸುಳ್ಳಲ್ಲ. ಆಗ ಒಂದು ಕೋವಿಡ್ ಪಾಸಿಟಿವ್ ಬಂದ್ರೆ ಕ್ಲಾಸ್ ಮುಚ್ಚಬೇಕಿತ್ತು, ಇದೇ ಪೋಷಕರೇ ಗೇಟಿಗೆ ಬಂದು ಕೂಗಾಡ್ತಿದ್ರು. ಮಿಸ್‌ಗೂ ಮನೇಲಿ ವಯಸ್ಸಾದವರು ಇರಬಹುದು. ಅರ್ಥ ಆಗುತ್ತೆ... ಇಲ್ಲ, ಅರ್ಥ ಆಗಲ್ಲ! ಭಯ ಇದ್ದವರು ಮಗೂನ ಪಕ್ಕಕ್ಕೆ ಕರೆದು ಮೆತ್ತಗೆ ಹೇಳಬಹುದಿತ್ತು.

ಇನ್ನು ನನ್ನ ಪಾಂಡಿತ್ಯ ಕೇಳಿ. ಸತ್ತ ವೈರಸ್, ಜೀವಂತ ವೈರಸ್, ಚರ್ಮದ ಬಿಸಿ, ಎಲ್ಲಾ ಅಲ್ಲೇ ಗೇಟಲ್ಲಿ ನಿಂತು ಪಾಠ ಮಾಡಿದ್ದಾಯ್ತು. ಯಾರಿಗೆ? ವಾಚ್‌ಮನ್‌ಗೆ. ಪಾಪ, ಎಲ್ಲಾ ಕೇಳಿಸ್ಕೊಂಡು, "ಮೇಡಂ, ಸ್ವಲ್ಪ ಈಚೆ ಬನ್ನಿ, ವ್ಯಾನ್ ರಿವರ್ಸ್ ತಗೋತಾ ಇದೆ" ಅಂದ.

ಶಾಲೆಗಳು ಬದಲಾಗಲ್ಲ ಅಂತ ಗೊತ್ತು. ಹಾಗಾಗಿ ಮಕ್ಕಳಿಗೆ ಹಾಕಿಸೋರು ಶನಿವಾರ ಮಧ್ಯಾಹ್ನ ಹಾಕಿಸಿ. ಅರ್ಧ ದಿನ ಶಾಲೆ ಮುಗಿದಿರುತ್ತೆ, ರಾತ್ರಿ ಜ್ವರ ಬಂದ್ರೆ ಭಾನುವಾರ ಮಲಗಿರಲಿ, ಸೋಮವಾರದೊಳಗೆ ಸಾಮಾನ್ಯವಾಗಿ ಇಳಿದಿರುತ್ತೆ. ಊಟ ಮಾಡಿಸಿ ಕರ್ಕೊಂಡು ಹೋಗಿ. ಬಲಗೈಲಿ ಬರೆಯೋ ಮಗುವಾದ್ರೆ ಎಡ ತೋಳಿಗೆ ಕೇಳಿ ಹಾಕಿಸಿ. ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ, ಅಪರೂಪಕ್ಕೆ ಆಗೋ ಜೋರು ಅಲರ್ಜಿ ಆ ಹೊತ್ತಲ್ಲೇ ಕಾಣೋದು ಜಾಸ್ತಿ. ನೋವಿರೋ ಜಾಗ ಉಜ್ಜಬೇಡಿ, ಬಿಸಿ ಶಾಖ ಬೇಡ, ತಣ್ಣೀರ ಬಟ್ಟೆ ಸಾಕು. ಕೈ ಆಡಿಸ್ತಾ ಇರಲಿ.

ಜ್ವರ ಬರಲಿ ಬಿಡಲಿ ಮೊದಲೇ ಸಿರಪ್ ಕುಡಿಸಬೇಡಿ. ಬಂದು, ಮಗು ಒದ್ದಾಡ್ತಾ ಇದ್ರೆ ಮಾತ್ರ ಪ್ಯಾರಾಸಿಟಮಾಲ್, ಮಗೂನ ತೂಕದ ಒಂದೊಂದು ಕೆಜಿಗೆ 10ರಿಂದ 15 ಮಿಲಿಗ್ರಾಂ. ಎಲ್ಲರೂ ಎಡವೋದು ಇಲ್ಲೇ, ಬಾಟ್ಲಿ ಮೇಲಿನ ಸಣ್ಣ ಅಕ್ಷರ ನೋಡಿ. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ ಇರೋದೂ ಸಿಗುತ್ತೆ, 250 ಇರೋದೂ ಸಿಗುತ್ತೆ. 20 ಕೆಜಿ ಮಗೂಗೆ ಮೊದಲನೇದಾದ್ರೆ 8ರಿಂದ 12 ಎಂಎಲ್, ಎರಡನೇದಾದ್ರೆ 4ರಿಂದ 6 ಎಂಎಲ್. ಅಡುಗೆಮನೆ ಚಮಚ ಬೇಡ, ಬಾಟ್ಲಿ ಜೊತೆ ಬರೋ ಅಳತೆ ಮುಚ್ಚಳ ಇದೆಯಲ್ಲ. ಒಂದು ಡೋಸಿಂದ ಇನ್ನೊಂದಕ್ಕೆ ಕಡಿಮೆ ಅಂದ್ರೂ 4ರಿಂದ 6 ಗಂಟೆ, ದಿನಕ್ಕೆ ನಾಲ್ಕೇ ಸಲ. ಆಸ್ಪಿರಿನ್ ಮಕ್ಕಳಿಗೆ ಕೊಡಲೇಬೇಡಿ. ಉಸಿರಾಟ ಕಷ್ಟ ಆದ್ರೆ, ಮುಖ ತುಟಿ ಊದಿದ್ರೆ, ಫಿಟ್ಸ್ ಬಂದ್ರೆ ಗೂಗಲ್ ನೋಡ್ತಾ ಕೂರದೆ ಆಸ್ಪತ್ರೆಗೆ ಓಡಿ.

ಸಿರಿಂಜಿಂದ ಕಿತ್ತು ಲಸಿಕೆ ಪುಸ್ತಕಕ್ಕೆ ಅಂಟಿಸ್ತಾರಲ್ಲ ಸಣ್ಣ ಸ್ಟಿಕ್ಕರ್, ಬ್ಯಾಚ್ ನಂಬರ್ ಇರೋದು, ಅದರ ಪಕ್ಕ ತಾರೀಕು, ಟೈಮು, ಕ್ಲಿನಿಕ್ ಸೀಲು ಹಾಕಿಸ್ಕೊಳ್ಳಿ. ಫೋಟೋ ತೆಗೆದು ಹಿಂದಿನ ರಾತ್ರೀನೇ ಕ್ಲಾಸ್ ಟೀಚರಿಗೆ ಕಳಿಸಿ. ನೀಲಿ ಟಿಕ್ ಬಂದಿದ್ರೆ ಗೇಟಲ್ಲಿ ಮಾತಾಡೋಕೆ ಏನಾದ್ರೂ ಇರುತ್ತೆ.

ಈಗ ಶಾಲೆಯವರಿಗೆ ಕೊನೇ ಪ್ರಶ್ನೆ. ಒಂಬತ್ತು ವರ್ಷದ ಒಳಗಿನ ಮಗೂಗೆ ಮೊದಲ ಸಲ ಹಾಕಿಸುವಾಗ ನಾಲ್ಕು ವಾರ ಬಿಟ್ಟು ಎರಡನೇ ಡೋಸ್ ಬೇಕು, ಒಂದರಿಂದ ಪೂರ್ತಿ ರಕ್ಷಣೆ ಸಿಗಲ್ಲ. ಇವನಿಗೆ ಡಿಸೆಂಬರಲ್ಲಿ ಬರುತ್ತೆ. ಅವರಮ್ಮ ಇನ್ನು ಬೇಡವೇ ಬೇಡ ಅಂತಿದಾರೆ, ಪಕ್ಕದ ಮನೆಯವರು ಮೊದಲನೇದನ್ನೇ ಕ್ಯಾನ್ಸಲ್ ಮಾಡಿಸಿದಾರೆ. ಅವರಿಗೆ ಫೋನ್ ಮಾಡಿ ಒಪ್ಪಿಸೋರು ಯಾರು? ಪ್ರಿನ್ಸಿಪಾಲರಾ, ಫೇಸ್ ಶೀಲ್ಡ್ ಮಿಸ್ಸಾ, ಮ್ಯಾನೇಜ್‌ಮೆಂಟಾ? ಹೆಸರು ಹೇಳಿ, ನಂಬರ್ ನಾನೇ ಕಳಿಸ್ತೀನಿ.