ಕಣಕ್ಕೊಂದು ಕಣ್ಣು

ಕಾಫಿಗೆ ರೇಟ್ ಬಂದಿದ್ದೇ ಬಂದಿದ್ದು, ನಮ್ಮ ಮೂಡಿಗೆರೆ ಕಡೆ ನಿದ್ದೆಗೆ ಬರ ಬಂತು. ಮುಂಚೆ ಕಣದಲ್ಲಿ ರೋಬಸ್ಟಾ ಹರವಿ, ಸಂಜೆ ರಾಶಿ ಮಾಡಿ, ಮೇಲೊಂದು ಟಾರ್ಪಾಲ್ ಎಳೆದು, ನಾಯಿ ಬಿಚ್ಚಿ ಬಿಟ್ಟು, ರೊಟ್ಟಿ ತಿಂದು ಮಲಗಿದ್ರೆ ಬೆಳಗ್ಗೆನೇ ಎಚ್ಚರ. ಈಗ ಹಂಗಿಲ್ಲ. ಆ ಊರಲ್ಲಿ ನಾಲ್ಕು ಮೂಟೆ ಹೋಯ್ತಂತೆ, ಈ ತೋಟದಲ್ಲಿ ಗಿಡದ ಮೇಲಿದ್ದ ಹಣ್ಣನ್ನೇ ರಾತ್ರೋರಾತ್ರಿ ಕೊಯ್ಕೊಂಡು ಹೋದ್ರಂತೆ, ದಿನಾ ಒಂದು ಸುದ್ದಿ. ಹಗಲು ಹೊತ್ತಲ್ಲಿ ಕೂಲಿ ಕೊಟ್ಟು ಊಟ ಹಾಕ್ತೀವಿ ಅಂದ್ರೂ ನಮಗೆ ಕೊಯ್ಲಿಗೆ ಆಳು ಸಿಗಲ್ಲ, ಕಳ್ಳರಿಗೆ ಅದೂ ರಾತ್ರಿ ಪಾಳಿಗೆ ಎಲ್ಲಿಂದ ಸಿಗ್ತಾರೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ.

ಬೆಂಗಳೂರಲ್ಲಿರೋ ಬಾಮೈದ ಫೋನಲ್ಲೇ ಪರಿಹಾರ ಹೇಳಿದ. "ಭಾವ, ಕ್ಯಾಮೆರಾ ಹಾಕ್ಸಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಅರವತ್ತು ಇದಾವೆ."

"ಯಾರಾದ್ರೂ ಸಿಕ್ಕಿದ್ರೇನೋ?"

"ಸಿಕ್ಕಿದ್ರು ಭಾವ. ಇನ್ನೊಬ್ರ ಪಾರ್ಕಿಂಗಲ್ಲಿ ಕಾರು ನಿಲ್ಸಿದವ್ರು."

ಅವ್ವಂಗೆ ವಿಷಯ ಹೇಳ್ದೆ. ಅವ್ವ ಬಿದಿರು ಮೊರದಲ್ಲಿ ಅಕ್ಕಿ ಕೇರ್ತಾ ಕೂತಿದ್ರು, ತಲೆ ಎತ್ತಲಿಲ್ಲ. "ಅದು ಬೊಗಳುತ್ತಾ?" ಇಲ್ಲವ್ವ, ರೆಕಾರ್ಡ್ ಮಾಡುತ್ತೆ. "ಕಚ್ಚುತ್ತಾ?" ಇಲ್ಲ. "ಹಂಗಾದ್ರೆ ಕಳ್ಳ ಹೋಗೋದನ್ನ ನೋಡಕ್ಕೆ ದುಡ್ಡು ಕೊಡ್ಬೇಕು ಅನ್ನು." ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ, ಆದ್ರೆ ಅಷ್ಟೊತ್ತಿಗೆ ಅಡ್ವಾನ್ಸ್ ಕೊಟ್ಟಾಗಿತ್ತು.

(ಒಂದು ವಿಷಯ ಮಾತ್ರ ತಲೇಲಿ ಕೊರೀತಾ ಇರುತ್ತೆ. ಬಾಬಾ ಬುಡನ್ ಅವರು ಯೆಮೆನ್‌ನ ಮೋಖಾದಿಂದ ಏಳು ಕಾಫಿ ಬೀಜ ಯಾರಿಗೂ ಕಾಣದ ಹಂಗೆ ಬಚ್ಚಿಟ್ಕೊಂಡು ತಂದು ನಮ್ಮ ಗಿರೀಲಿ ಬಿತ್ತಿದ್ರು ಅಂತ ಕತೆ ಇದೆಯಲ್ಲ, ಆ ಬಂದರಲ್ಲಿ ಒಂದೇ ಒಂದು ಕ್ಯಾಮೆರಾ ಇದ್ದಿದ್ರೆ ನಮ್ಮ ಜಿಲ್ಲೆ ಪೂರ್ತಿ ಇವತ್ತು ರಾಗಿ ಬೆಳ್ಕೊಂಡು ಇರ್ತಿತ್ತು. ಅಂಥವರ ವಂಶದ ಕಾಫಿ ಕಾಯಕ್ಕೆ ನಾನು ಕ್ಯಾಮೆರಾ ತರಕ್ಕೆ ಹೊರಟಿದ್ದೆ.)

ಮೊದಲು ತಂದಿದ್ದು ವೈಫೈ ಕ್ಯಾಮೆರಾ. ಚಿಕ್ಕಮಗಳೂರಿನ ಅಂಗಡಿಯವ್ರು "ಐದೇ ನಿಮಿಷ ಸಾರ್, ಫೋನಲ್ಲಿ ಬರೋ ಕ್ಯೂಆರ್ ಕೋಡನ್ನ ಕ್ಯಾಮೆರಾಗೆ ತೋರಿಸ್ರಿ ಮುಗೀತು" ಅಂದ್ರು. ನಾನು ಜಗಲಿ ಮೇಲೆ ನಿಂತ್ಕೊಂಡು ಒಂದು ಕೈಲಿ ಕ್ಯಾಮೆರಾ ಒಂದು ಕೈಲಿ ಫೋನ್ ಹಿಡಿದು, ಹತ್ರ ತಂದು, ದೂರ ಒಯ್ದು, ಸೊಟ್ಟ ಮಾಡಿ, ನೆಟ್ಟಗೆ ಮಾಡಿ, ದೇವರಿಗೆ ಮಂಗಳಾರತಿ ಎತ್ತಿದ ಹಂಗೆ ಒಂದು ಗಂಟೆ ತಿರುಗ್ಸಿದೆ. ಅದು ಇಂಗ್ಲಿಷಲ್ಲಿ ಒಬ್ಬ ಹೆಂಗಸಿನ ದನೀಲಿ ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಅಂತ ಹೇಳ್ತಾನೇ ಇತ್ತು, ಒಳಗಿಂದ ನಮ್ಮನೆಯವಳು "ಯಾರ್ ರೀ ಅದು?" ಅಂತ ಎರಡು ಸಲ ಬಂದು ನೋಡಿ ಹೋದ್ಲು. ಆಮೇಲೆ ಗೊತ್ತಾಗಿದ್ದು, ಕ್ಯಾಮೆರಾಗೆ ಬೇಕಿರೋದು 2.4 ಗಿಗಾಹರ್ಟ್ಸ್ ವೈಫೈ, ನನ್ನ ಫೋನ್ ಹಿಡ್ಕೊಂಡು ಕೂತಿದ್ದು 5 ಗಿಗಾಹರ್ಟ್ಸ್. ಸರಿ ಅದನ್ನ ಬದಲಾಯಿಸಿದ್ದಾಯ್ತು, ಜಗಲೀಲಿ ಚೆನ್ನಾಗಿ ಬಂತು, ಕಣದ ಕಂಬಕ್ಕೆ ಕಟ್ಟಿದ ತಕ್ಷಣ ಮಾಯ. ನಮ್ಮಜ್ಜ ಕಟ್ಸಿದ ಒಂದೂವರೆ ಅಡಿ ಮಣ್ಣಿನ ಗೋಡೆ. ಅಜ್ಜ ಕಳ್ಳರು ಕನ್ನ ಹಾಕ್ಬಾರ್ದು ಅಂತ ಅಷ್ಟು ದಪ್ಪ ಕಟ್ಸಿದ್ದು, ಅದು ವೈಫೈನೂ ಆಚೆ ಬಿಡಲಿಲ್ಲ.

ಹಂಗಾಗಿ ವೈರು. ಪೇಟೆಯಿಂದ ಕ್ಯಾಮೆರಾ ಕೆಲಸದ ಹುಡುಗ ಬಂದ, ಮನೆಯಿಂದ ಕಣದ ಕೊನೆ ಕಂಬದವರೆಗೆ ಸುಮಾರು ಅರವತ್ತು ಮೀಟರ್ ತೆಳ್ಳನೆ ವೈರ್ ಎಳೆದ, ಮನೆ ಒಳಗೆ 12 ವೋಲ್ಟ್ ಅಡಾಪ್ಟರ್ ಸಿಗಿಸಿದ, ಟೀವಿ ಮೇಲೆ ಕಣ ಪಳಪಳ ಅಂತ ಬಂತು. ಒಂದೊಂದು ಕಾಫಿ ಹಣ್ಣು ಎಣಿಸ್ಬೋದು. ದುಡ್ಡು ತಗೊಂಡು ಹೋದ. ಸಂಜೆ ಆರೂವರೆಗೆ ಪರದೆ ಕಪ್ಪು. ಬೆಳಗ್ಗೆ ಅವನಿಗೆ ಫೋನ್ ಮಾಡೋ ಹೊತ್ತಿಗೆ ತಾನಾಗೇ ಬಂದಿತ್ತು. ಹುಡುಗ ಬಂದ, ನೋಡಿದ, "ಸರಿ ಇದೆಯಲ್ಲಣ್ಣ" ಅಂದ, ಕಾಫಿ ಕುಡಿದು ಹೋದ. ಸಂಜೆ ಮತ್ತೆ ಕಪ್ಪು. ಹೀಗೆ ನಾಲ್ಕು ಸಲ ಆಯ್ತು, ನಾಲ್ಕು ಸಲನೂ ಹಗಲಲ್ಲೇ ಬಂದ, ನಾಲ್ಕು ಸಲನೂ ಸರಿ ಇತ್ತು, ನಾಲ್ಕು ಸಲನೂ ಕಾಫಿ. ಕತ್ತಲಾದ ತಕ್ಷಣ ಕಣ್ಣು ಮುಚ್ಚೋ ಕಾವಲುಗಾರನ್ನ ನಾನು ಮುಂಚೆನೂ ನೋಡಿದ್ದೆ, ಆದ್ರೆ ಅವನು ಸಂಬಳಕ್ಕಿದ್ದ.

ಐದನೇ ಸಲ ಅವನನ್ನ ರಾತ್ರಿ ಊಟಕ್ಕೆ ನಿಲ್ಲಿಸ್ಕೊಂಡೆ. ಕಡುಬು, ಕೋಳಿ ಸಾರು. ಕತ್ತಲಾಯ್ತು, ಕ್ಯಾಮೆರಾ ಸತ್ತಿತು, ಹುಡುಗ ಬಾಯಲ್ಲಿ ಟಾರ್ಚ್ ಕಚ್ಕೊಂಡು ಏಣಿ ಹತ್ತಿ ಮೀಟರ್ ಇಟ್ಟ. ಅಡಾಪ್ಟರ್ ಹತ್ರ ಹನ್ನೆರಡಿದ್ದ ವೋಲ್ಟು ಕಂಬದ ತುದೀಲಿ ಒಂಬತ್ತರ ಮೇಲೆ ಏಳ್ತಾ ಇಲ್ಲ. "ಅಣ್ಣ, ನಿಮ್ಮ ಸ್ಪ್ರಿಂಕ್ಲರ್ ಇದ್ದ ಹಂಗೆ ಇದು. ಸಣ್ಣ ಪೈಪಲ್ಲಿ ದೂರ ನೀರು ಹೊಡದ್ರೆ ಕೊನೆ ಜೆಟ್‌ಗೆ ಪ್ರೆಷರ್ ಬರುತ್ತಾ? ಹಗಲು ಕ್ಯಾಮೆರಾಗೆ ಕರೆಂಟ್ ಕಮ್ಮಿ ಸಾಕು, ಹೆಂಗೋ ಎಳೆಯುತ್ತೆ. ಕತ್ತಲಾದ್ರೆ ಅದರೊಳಗಿನ ಇನ್‌ಫ್ರಾರೆಡ್ ಎಲ್‌ಇಡಿ ಎಲ್ಲ ಹತ್ಕೊಳ್ತವೆ, ಆವಾಗ ಜಾಸ್ತಿ ಕೇಳುತ್ತೆ, ಬರಲ್ಲ, ಆಫ್." ಇಷ್ಟು ಚೆನ್ನಾಗಿ ಗೊತ್ತಿದ್ದವನು ತೆಳ್ಳನೆ ವೈರ್ ಯಾಕೆ ಎಳೆದೆ ಅಂತ ಕೇಳ್ಬೇಕು ಅನ್ಕೊಂಡೆ, ಅವನು ನಮ್ಮನೆ ಊಟ ಮಾಡ್ತಿದ್ದ, ಸುಮ್ಮನಾದೆ. ಕೊನೆಗೆ ಪಿಓಇ ಕ್ಯಾಮೆರಾ ಬಂತು. ಇಂಟರ್ನೆಟ್ ಕೇಬಲ್ ಒಂದರಲ್ಲೇ ಕರೆಂಟೂ ಚಿತ್ರನೂ ಎರಡೂ ಹೋಗುತ್ತೆ, 48 ವೋಲ್ಟ್ ಸುಮಾರಿಗೆ ಕಳಿಸೋದ್ರಿಂದ 100 ಮೀಟರ್‌ವರೆಗೂ ತೊಂದ್ರೆ ಇಲ್ಲ. ಹಳೇದನ್ನ ಏನ್ ಮಾಡೋದು ಅಂದ್ರೆ "ಇಟ್ಕೊಳಿ ಅಣ್ಣ, ಹಗಲು ನೋಡಕ್ಕೆ ಆಗುತ್ತೆ" ಅಂದ.

ರಾತ್ರಿ ಚಿತ್ರ ಬರಕ್ಕೆ ಶುರುವಾದ ಮೇಲೆ ಜೇಡ ಬಂತು.

ಇದನ್ನ ಯಾವ ಡಬ್ಬದ ಮೇಲೂ ಬರೆದಿರಲ್ಲ. ಕ್ಯಾಮೆರಾದ ಕೆಂಪು ಎಲ್‌ಇಡಿ ಬೆಳಕಿಗೆ ಹುಳ ಬರ್ತವೆ, ಹುಳ ತಿನ್ನಕ್ಕೆ ಜೇಡ ಬರುತ್ತೆ, ಸರಿಯಾಗಿ ಲೆನ್ಸ್ ಮುಂದೆ ಬಲೆ ಕಟ್ಟುತ್ತೆ. ಆ ಎಳೆ ಮೇಲೆ ಬೆಳಕು ಬಿದ್ದು ವಾಪಸ್ ಲೆನ್ಸಿಗೇ ಹೊಡೆಯೋದ್ರಿಂದ ಚಿತ್ರದಲ್ಲಿ ಕಾಣೋದು ಕಣ ಅಲ್ಲ, ದಪ್ಪನೆ ಬಿಳಿ ಹಗ್ಗ. ಗಾಳಿಗೆ ಹಗ್ಗ ಅಲ್ಲಾಡಿದಾಗೆಲ್ಲ ನನ್ನ ಫೋನಿಗೆ ಟಿಂಗ್, ಚಲನೆ ಕಂಡುಬಂದಿದೆ. ಒಂದು ರಾತ್ರಿ ನಲವತ್ತೇಳು ಸಲ ಬಂತು. ಎರಡೂ ಮುಕ್ಕಾಲಿಗೆ ಒಂದು ಎಂಟು ಕಾಲಿನ ರಾಕ್ಷಸ ಕಣದ ಅಗಲಕ್ಕೂ ನಡ್ಕೊಂಡು ಹೋಗೋದು ಫೋನಲ್ಲಿ ಕಂಡು ನಾನು ಕಿರುಚಿದ್ದಕ್ಕೆ ನಮ್ಮನೆಯವಳು ದಿಂಬು ಎತ್ಕೊಂಡು ಅವ್ವನ ರೂಮಿಗೆ ಹೋದ್ಲು, ವಾರ ಆದ್ರೂ ವಾಪಸ್ ಬರಲಿಲ್ಲ.

ಅವತ್ತಿಂದ ಪ್ರತಿ ಭಾನುವಾರ ನನ್ನ ಕೆಲಸ ಏಣಿ ಹತ್ತಿ ಜೇಡನ ಮನೆ ಒಡೆಯೋದು. ಸೋಮವಾರ ಅದರ ಕೆಲಸ ಮತ್ತೆ ಕಟ್ಟೋದು. ಯಾರೋ ಬೇವಿನೆಣ್ಣೆ ಸವರು ಅಂದ್ರು, ಸವರಿದೆ, ಜೇಡ ಹೋಗಲಿಲ್ಲ, ಲೆನ್ಸಿಗೆ ತಾಗಿ ಕಣ ಪೂರ್ತಿ ಮಂಜು ಕವಿದ ಹಂಗೆ ಕಾಣ್ತು. ಆಮೇಲೆ ಹುಡುಗ ಹೇಳಿದ, ಕ್ಯಾಮೆರಾದ್ದು ಇನ್‌ಫ್ರಾರೆಡ್ ಆಫ್ ಮಾಡಿ, ಸ್ವಲ್ಪ ದೂರದ ಕಂಬದಲ್ಲಿ ಬೇರೆ ಲೈಟ್ ಹಾಕಿದ್ರೆ ಹುಳ ಅಲ್ಲಿಗೆ ಹೋಗ್ತವೆ ಅಂತ. ಲೈಟ್ ಹಾಕಿದ್ಮೇಲೆ ಅವ್ವ ಕೇಳಿದ್ದು ಒಂದೇ ಮಾತು. "ಈ ಲೈಟನ್ನ ಮೊದ್ಲೇ ಹಾಕಿದ್ರೆ ಕಳ್ಳ ಬತ್ತಿದ್ನಾ?"

ಆರಿದ್ರ ಮಳೆ ಹಿಡಿದ್ಮೇಲಿನ ಕತೆ ಉದ್ದಕ್ಕೆ ಹೇಳಲ್ಲ. ಕ್ಯಾಮೆರಾ ಮೇಲೆ ಐಪಿ 66 ಅಂತ ಬರೆದಿತ್ತು, ಅಂದ್ರೆ ಧೂಳು ಹೋಗಲ್ಲ, ಜೋರಾಗಿ ನೀರು ಹೊಡೆದ್ರೂ ಒಳಗೆ ಇಳಿಯಲ್ಲ. ನಿಜ, ಇಳಿಯಲಿಲ್ಲ. ಆದ್ರೆ ಹಿಂದೆ ಬಾಲದ ಹಂಗೆ ನೇತಾಡೋ ಕನೆಕ್ಟರನ್ನ ಬರೀ ಇನ್ಸುಲೇಶನ್ ಟೇಪ್ ಸುತ್ತಿ ಬಿಟ್ಟಿದ್ರು, ನೀರು ವೈರ್ ಹಿಡ್ಕೊಂಡೇ ನಡ್ಕೊಂಡು ಬಂದು ಅಲ್ಲಿ ಒಳಗೆ ಹೋಗಿ ಪಿನ್ನೆಲ್ಲ ಹಸಿರು ಕಿಲುಬು. ಒಂದು ಡಬ್ಬ ಹಾಕಿ, ವೈರನ್ನ ಸ್ವಲ್ಪ ಕೆಳಗೆ ಬಾಗಿಸಿ ಬಿಟ್ಟಿದ್ರೆ ನೀರು ಆ ಬಾಗಿನಿಂದನೇ ತೊಟ್ಟಿಕ್ಕಿ ಹೋಗ್ತಿತ್ತಂತೆ. ನಮ್ಮ ಹೆಂಚಿನ ಸೂರಿಗೆ ಗೊತ್ತಿರೋ ಲೆಕ್ಕ, ನಮಗೆ ಹೊಳೀಲಿಲ್ಲ. ಜೊತೆಗೆ ವಾರಗಟ್ಟಲೆ ಕರೆಂಟ್ ಇಲ್ಲದೆ ರೆಕಾರ್ಡ್ ಮಾಡೋ ಡಬ್ಬದ ಗಡಿಯಾರ ನಿಂತು ತಾರೀಕು 1970 ಜನವರಿ 1ಕ್ಕೆ ಹೋಯ್ತು. ಆಗ ಕರ್ನಾಟಕ ಅಂತ ಹೆಸರೇ ಇರಲಿಲ್ಲ, 1973ರ ತನಕ ಮೈಸೂರು ರಾಜ್ಯ. ಅವ್ವ ಇನ್ನೂ ತವರುಮನೇಲಿ ಲಂಗ ಹಾಕ್ಕೊಂಡು ಓಡಾಡ್ತಿದ್ದ ಕಾಲ. ಮಳೆ ಮುಗಿಯೋವರೆಗೂ ಆ ತಾರೀಕು ಸರಿ ಮಾಡಲಿಲ್ಲ, ಮಳೆ ಮುಗಿದ್ಮೇಲೆ ಮರ್ತೇಹೋಯ್ತು.

ಈ ಡಿಸೆಂಬರಲ್ಲಿ ಒಂದು ಭಾನುವಾರ ಬಲೆ ತೆಗೆಯಕ್ಕೆ ಹೋದ್ರೆ ಏಣಿ ಇಲ್ಲ.

ಕ್ಯಾಮೆರಾ ಕಂಬಕ್ಕೇ ಒರಗಿಸಿಟ್ಟಿದ್ದ ಅಲ್ಯೂಮಿನಿಯಂ ಏಣಿ. ಬೇಜಾರಾಯ್ತು ಅಂತ ಹೇಳ್ಬೇಕು, ಆದ್ರೆ ನಿಜ ಹೇಳ್ತೀನಿ, ಒಳಗೊಳಗೆ ಖುಷಿನೇ ಆಯ್ತು. ಕೊನೆಗೂ ಒಂದು ಕಳ್ಳತನ! ಇಡೀ ದಿನ ಟೀವಿ ಮುಂದೆ ಕೂತು ರೆಕಾರ್ಡಿಂಗ್ ಓಡಿಸಿದೆ. ಕ್ಯಾಮೆರಾ ಕಣ ಪೂರ್ತಿ ನೋಡುತ್ತೆ, ಗೇಟ್ ನೋಡುತ್ತೆ, ತನ್ನ ಬುಡ ಮಾತ್ರ ನೋಡಲ್ಲ, ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ ಹಂಗೆ. ಚಿತ್ರದ ಕೆಳಗಡೆ ಅಂಚಲ್ಲಿ ಏಣಿಯ ತುದಿ ಅಷ್ಟೇ ಕಾಣ್ತಿತ್ತು, 1970ನೇ ಇಸವಿಯ ಒಂದು ಮಧ್ಯಾಹ್ನ ಆ ತುದಿ ಒಂದು ಸಲ ಅಲ್ಲಾಡಿ ಪಕ್ಕಕ್ಕೆ ಜಾರಿ ಹೋಯ್ತು. ಹೋಗೋ ಮುಂಚೆ ಅದನ್ನ ಹಿಡಿದ ಒಂದು ಕೈ ಕಾಣ್ತು. ಕೈ ತುಂಬ ಹಸಿರು ಗಾಜಿನ ಬಳೆ.

"ಹೆಂಗಸು ರೀ!" ಅಂದ್ಲು ನಮ್ಮನೆಯವಳು. ನಾನು ಜೂಮ್ ಮಾಡಿದೆ, ಬಳೆ ಹೋಗಿ ಹಸಿರು ಚೌಕಗಳಾದ್ವು. ಬಾಮೈದಂಗೆ ಕಳಿಸಿದೆ, ಅವನು ಆಫೀಸಲ್ಲಿ ಯಾರಿಗೋ ತೋರಿಸಿ ಕ್ಲಿಯರ್ ಮಾಡಿಸ್ತೀನಿ ಅಂದ. ಮೂಡಿಗೆರೆ ಸ್ಟೇಷನ್‌ಗೆ ಹೋಗೋಣ ಅಂದ್ರೆ, ಐವತ್ತು ವರ್ಷ ಹಿಂದಿನ ಕಳ್ಳತನದ ಕಂಪ್ಲೇಂಟ್ ಯಾರು ತಗೊಳ್ತಾರೆ ಅಂತ ಹಿಂಜರಿಕೆ. ಮೂರನೇ ದಿನ ಅವ್ವ ಕಾಫಿ ಲೋಟ ತಂದು ಮುಂದಿಟ್ರು. ನಾನು ಲೋಟ ನೋಡಿದೆ, ಕೈ ನೋಡಿದೆ, ಬಳೆ ನೋಡಿದೆ.

"ಅವ್ವ, ಏಣಿ?"

"ಕೆಳಗಿನ ತೋಟದ ಮಾವ ಬಂದಿದ್ನಲ್ಲ, ಬೇಕು ಅಂದ. ನಾನೇ ಒಂದ್ ಕಡೆ ಹಿಡ್ಕೊಂಡು ಎತ್ತಿ ಕೊಟ್ಟೆ."

"ಮೂರು ದಿನದಿಂದ ಹುಡುಕ್ತಿದೀನಿ, ಹೇಳ್ಬಾರ್ದಾ?"

"ನೀನು ಟೀವೀನ ಕೇಳ್ತಿದ್ದೆ, ನನ್ನ ಕೇಳಿದ್ಯಾ?"

ಏಣಿ ತರಕ್ಕೆ ಹೋದೆ. ಮಾವ ಅದರ ತುದೀಲಿ ನಿಂತಿದ್ರು, ನಮ್ಮ ಅದೇ ಹುಡುಗ ಕೆಳಗಿಂದ ವೈರ್ ಕೊಡ್ತಿದ್ದ, ತೆಳ್ಳನೆ ವೈರ್. ನಮ್ಮದು ನೋಡಿ ಅವ್ರಿಗೂ ಆಸೆ ಆಗಿ ಎರಡು ಕ್ಯಾಮೆರಾ ತಂದಿದ್ರು. "ಬಾರೋ ಬಾರೋ, ನೋಡು" ಅಂತ ಮಾವ ಕೆಳಗಿಳಿದು ಫೋನ್ ತೋರಿಸಿದ್ರು. ಅವರ ಗೇಟ್ ಅರ್ಧ ಕಾಣ್ತಿತ್ತು. ಅದರ ಹಿಂದೆ ನಮ್ಮ ಕಣ, ಟಾರ್ಪಾಲ್, ಕಂಬ, ಕಂಬದ ಬುಡ ಎಲ್ಲ ಪಳಪಳ.

"ಮಾವ, ಹಂಗೇ ಇರ್ಲಿ, ತಿರುಗಿಸ್ಬೇಡಿ" ಅಂದೆ. ವೈರ್ ಬಗ್ಗೆ ಹೇಳ್ಬೇಕು ಅಂತ ಬಾಯಿ ತೆಗೆದೆ, ಅಷ್ಟರಲ್ಲಿ ಹುಡುಗ ನನ್ನ ಕಡೆ ನೋಡಿ ನಕ್ಕ. ಒಳಗಡೆ ಅತ್ತೆ ಅವನಿಗೆ ಕಾಫಿ ಸೋಸ್ತಿದ್ರು.